ಫ್ರಾನ್ಸ್ ಎಂದು ಬರೆದ ಚೀಟಿ

ಬುಧವಾರ, ಮಾರ್ಚ್ 6

ಮೈಕ್ ಇವತ್ತೂ ಕಿರುಚಿತು. ಬಾರಿನ ಯಜಮಾನರಿಗೆ ಹೇಳಿ ಹೇಳಿ ಬಾಯಿ ಸವೆದಿದೆ. ‘ನೋಡೋಣ ಮೇಷ್ಟ್ರೇ’ ಎನ್ನುತ್ತಾರೆ. ನಾನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಹದಿನೆಂಟು ವರ್ಷ ಪತ್ರಿಕೆಯ ಭಾನುವಾರದ ಪುಟಕ್ಕೆ ರಸಪ್ರಶ್ನೆ ಬರೆದವನು. ಮೂರು ವರ್ಷದ ಹಿಂದೆ ಪುಟ ನಿಂತಿತು, ಜೊತೆಗೆ ನಾನೂ. ಈಗ ಬುಧವಾರ ಬುಧವಾರ ಸಂಜೆ ಆರರಿಂದ ಎಂಟರವರೆಗೆ ಬಾರಿನಲ್ಲಿ ಕೂತವರಿಗೆ ಜನರಲ್ ನಾಲೆಜ್ ಕೇಳುತ್ತೇನೆ. ಕೆಲವರು ಉತ್ತರ ಬರೆಯುತ್ತಾರೆ. ಮಿಕ್ಕವರು ಟಿವಿ ಸೌಂಡ್ ಯಾಕೆ ಆಫ್ ಮಾಡಿದಿರಿ ಎಂದು ಗೊಣಗುತ್ತಾರೆ.

ಏಳು ಟೇಬಲ್, ಏಳು ತಂಡ. ಬ್ಯಾಂಕಿನವರು ಐದು ಜನ, ಗದ್ದಲಕ್ಕೆ ಹತ್ತು ಜನ. ಗೆದ್ದವನು ಮತ್ತೆ ಅದೇ ಲಿಫ್ಟ್ ಮೆಕ್ಯಾನಿಕ್. ಮೂಲೆಯ ಟೇಬಲ್ಲಿನಲ್ಲಿ ಒಬ್ಬನೇ ಕೂರುತ್ತಾನೆ. ಒಬ್ಬನೇ ಒಂದು ತಂಡ. ಒಂದು ಗ್ಲಾಸ್ ಬಿಯರ್ ಇಡೀ ಸಂಜೆ ಬರುತ್ತದೆ ಅವನಿಗೆ. ಆಕ್ಟೋಪಸ್ಸಿಗೆ ಎಷ್ಟು ಹೃದಯ ಎಂದು ಕೇಳಿದರೆ ತಲೆಯೆತ್ತದೆ ಮೂರು ಎಂದು ಬರೆದ.

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನಂತೆ. ‘ಇಷ್ಟೆಲ್ಲ ಎಲ್ಲಿ ಓದಿದಿರಿ’ ಎಂದು ಕೇಳಿದೆ.

‘ಮಷಿನ್ ರೂಮಲ್ಲಿ ಸರ್. ಸ್ಪೇರ್ ಪಾರ್ಟ್ ಬರೋತನಕ ಕೂತಿರ್ಬೇಕಲ್ಲ, ಏನಾದ್ರೂ ಓದ್ತಿರ್ತೀನಿ.’

ಅಷ್ಟೇ. ಜಂಬವೂ ಇಲ್ಲ. ಜಂಬವಿದ್ದಿದ್ದರೆ ಸಹಿಸಬಹುದಿತ್ತು.

ಭಾನುವಾರ, ಮಾರ್ಚ್ 10, ಬೆಳಿಗ್ಗೆ

ತಿಂಡಿ ತಿನ್ನುತ್ತ ಅಕ್ಕನಿಗೆ ಈ ವಾರದ ಪ್ರಶ್ನೆಗಳನ್ನು ಓದಿ ಹೇಳಿದೆ. ಅಕ್ಕ ಮೂವತ್ತು ವರ್ಷ ನರ್ಸ್ ಆಗಿದ್ದವಳು, ಯಾರ ಮುಖ ನೋಡಿದರೂ ಕಾಯಿಲೆ ಹೇಳುತ್ತಾಳೆ.

‘ಇದೇನೋ ಇಷ್ಟು ಕಷ್ಟ? ಕುಡಿಯೋಕೆ ಬಂದೋರಿಗೆ ಇದೆಲ್ಲ ಯಾರಿಗೆ ಗೊತ್ತಿರತ್ತೆ?’

‘ಒಬ್ಬನಿಗೆ ಗೊತ್ತಿರತ್ತೆ.’

‘ಓಹೋ. ಅವನು ಸೋಲ್ಲಿ ಅಂತ ಬರೆದಿದ್ದು ಅನ್ನು.’

ಕಾಫಿ ಆರಿತ್ತು. ಹಾಗೇ ಕುಡಿದೆ.

ಬುಧವಾರ, ಮಾರ್ಚ್ 13

ಮತ್ತೆ ಅವನೇ. ಇಪ್ಪತ್ತಕ್ಕೆ ಹತ್ತೊಂಬತ್ತು. ಆ ಒಂದು ತಪ್ಪನ್ನು ಮನೆಯವರೆಗೂ ಚಪ್ಪರಿಸಿಕೊಂಡು ಬಂದೆ. ಛೆ.

ಬುಧವಾರ, ಮಾರ್ಚ್ 20

ಮುಂದಿನ ವಾರ ವರ್ಷದ ಫೈನಲ್. ಯಜಮಾನರು ಕಪ್ ತರಿಸಿದ್ದಾರೆ. ರೇಡಿಯೋ ಸ್ಟೇಷನ್ನಿನವರೊಬ್ಬರು ಬರುತ್ತಾರಂತೆ. ಶಾಲಾ ಮಕ್ಕಳ ಕ್ವಿಜ್ ಕಾರ್ಯಕ್ರಮ ಶುರು ಮಾಡುವವರು, ನಡೆಸಿಕೊಡಲು ಜನ ಹುಡುಕುತ್ತಿದ್ದಾರೆ. ‘ನಿಮ್ಮ ಹೆಸರು ನಾನೇ ಹೇಳಿದ್ದು, ಮಾನ ಉಳಿಸಿ’ ಎಂದರು ಯಜಮಾನರು. ಮೂರು ವರ್ಷದ ಮೇಲೆ ಯಾರೋ ನನ್ನ ಹೆಸರು ಹೇಳಿದ್ದಾರೆ.

ಹೊರಡುವಾಗ ಮೆಕ್ಯಾನಿಕ್ ಬಾಗಿಲ ಹತ್ತಿರ ಕಾಯುತ್ತಿದ್ದ.

‘ಸರ್, ಫೈನಲ್ಲಿಗೆ ಮನೆಯವರು ಬರಬಹುದಾ?’

‘ಯಾರು?’

‘ಮಗಳು. ಅವಳು ಅವರಮ್ಮನ ಜೊತೆ ಇರೋದು. ನಾಲ್ಕು ವರ್ಷ ಆಯ್ತು, ಮಾತು ಕಡಿಮೆ. ಇಲ್ಲಿ ಗೆಲ್ತೀನಿ ಅಂದ್ರೆ ನಂಬಲ್ಲ ಸರ್ ಅವಳು. ನೋಡ್ತೀನಿ ಅಂದಿದ್ದಾಳೆ.’

ಬರಲಿ ಎಂದೆ. ಅವನು ಮೊದಲ ಸಲ ನಕ್ಕಿದ್ದು ನೋಡಿದೆ. ಮುಂದಿನ ಹಲ್ಲೊಂದು ಅರ್ಧ ಮುರಿದಿದೆ.

ಗುರುವಾರ, ಮಾರ್ಚ್ 28, ಬೆಳಿಗ್ಗೆ

ಫೈನಲ್ ಚೆನ್ನಾಗಿ ಆಯಿತು. ಬಾರ್ ತುಂಬಿತ್ತು. ಕೊನೆಯ ಪ್ರಶ್ನೆಯವರೆಗೂ ಬ್ಯಾಂಕಿನವರೂ ಮೆಕ್ಯಾನಿಕ್ಕೂ ಸಮಸಮ. ಕೊನೆಯದು – ಯಾವ ದೇಶದಲ್ಲಿ ಅತಿ ಹೆಚ್ಚು ಟೈಮ್ ಝೋನ್‌ಗಳಿವೆ? ಬ್ಯಾಂಕಿನವರು ರಷ್ಯಾ ಎಂದು ಬರೆದರು. ನನ್ನ ಹಾಳೆಯಲ್ಲೂ ರಷ್ಯಾ. ಮೆಕ್ಯಾನಿಕ್ ಫ್ರಾನ್ಸ್ ಎಂದು ಬರೆದ.

ಚೀಟಿಯನ್ನು ಮೈಕಿನಲ್ಲಿ ಓದಿದೆ. ಇಡೀ ಬಾರ್ ಗೊಳ್ಳೆಂದಿತು. ‘ಇವನ ಲಿಫ್ಟ್ ಹತ್ತಿದ್ರೆ ಸೀದಾ ಫ್ರಾನ್ಸಿಗೇ ಹೋಗತ್ತೆ’ ಎಂದ ಬ್ಯಾಂಕಿನವರಲ್ಲೊಬ್ಬ. ಮೆಕ್ಯಾನಿಕ್ ಎದ್ದು ನಿಂತು, ಸಮುದ್ರದಾಚೆ ಅವರ ದ್ವೀಪಗಳಿವೆ, ಅವನ್ನೂ ಸೇರಿಸಿದರೆ ಹನ್ನೆರಡು, ರಷ್ಯಾದ್ದು ಹನ್ನೊಂದು ಎಂದೇನೋ ಹೇಳಲು ಹೋದ. ಕ್ವಿಜ್ ಮಾಸ್ಟರ್ ಮಾತೇ ಕೊನೆಯದು ಎಂದೆ. ಕೂತ. ಮಗಳು ಪಕ್ಕದಲ್ಲಿದ್ದಳು, ಇಪ್ಪತ್ತೆರಡೋ ಮೂರೋ ಇರಬೇಕು. ಟೇಬಲ್ ನೋಡುತ್ತಿದ್ದಳು.

ಹತ್ತು ನಿಮಿಷ ಬ್ರೇಕ್ ಕೊಟ್ಟೆ. ಆಮೇಲೆ ಕಪ್ ಕೊಟ್ಟಿದ್ದಾಯಿತು, ಬ್ಯಾಂಕಿನವರಿಗೆ. ರೇಡಿಯೋದವರು ಕೈ ಕುಲುಕಿದರು.

ಎಲ್ಲ ಸರಿಯಾಗಿ ಆಯಿತು.

ಬುಧವಾರ, ಏಪ್ರಿಲ್ 3

ಮೂಲೆಯ ಟೇಬಲ್ ಖಾಲಿ. ‘ಎಲ್ಲಿ, ಫ್ರಾನ್ಸ್ ಬಂದಿಲ್ವಾ?’ ಎಂದರು ಬ್ಯಾಂಕಿನವರು. ಎಲ್ಲರೂ ನಕ್ಕರು. ನಾನೂ ನಕ್ಕೆ – ಮೈಕ್ ಬಾಯಿಯ ಹತ್ತಿರವೇ ಇತ್ತು, ನನ್ನ ನಗು ಎಲ್ಲರಿಗಿಂತ ಜೋರಾಗಿ ಕೇಳಿಸಿತು.

ಶುಕ್ರವಾರ, ಏಪ್ರಿಲ್ 5

ರೇಡಿಯೋದವರ ಫೋನ್. ಕೆಲಸ ನನಗೇ. ಜೂನ್‌ನಿಂದ ಶುರು.

‘ನಿಮ್ಮಲ್ಲಿ ನಂಗೆ ಏನು ಹಿಡಿಸ್ತು ಗೊತ್ತಾ? ಅವನು ಎದ್ದು ನಿಂತು ವಾದ ಮಾಡಿದ್ರೂ ನೀವು ಒಂಚೂರೂ ಅಲ್ಲಾಡ್ಲಿಲ್ಲ. ಮಕ್ಕಳ ಮುಂದೆ ಆ ಗಟ್ಟಿತನ ಬೇಕು.’

ಅಕ್ಕ ಕೆಳಗಿನ ಮನೆಯವರಿಗೆಲ್ಲ ಹೇಳಿ ಬಂದಳು. ಮಧ್ಯಾಹ್ನ ನನ್ನ ಹಳೆಯ ಕೋಟು ತೆಗೆದು ಬ್ರಷ್ ಹಾಕಿದಳು. ‘ರೇಡಿಯೋದಲ್ಲಿ ಕೋಟು ಯಾರಿಗೆ ಕಾಣತ್ತೆ’ ಎಂದರೆ ‘ನಂಗೆ ಕಾಣತ್ತಲ್ಲ’ ಎಂದಳು.

ಭಾನುವಾರ, ಏಪ್ರಿಲ್ 21

ಎರಡು ವಾರದಿಂದ ಈ ಡೈರಿ ತೆರೆದಿಲ್ಲ. ತೆರೆದರೆ ಬರೆಯಬೇಕಾಗುತ್ತದೆಂದು ಗೊತ್ತಿತ್ತು.

ಬರೆಯುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ, ಆದರೂ ಇಲ್ಲೇ ಸುಳ್ಳು ಬರೆದಿದ್ದೇನೆ. ಎಂಥ ಮನುಷ್ಯ ನಾನು.

ಆ ಹತ್ತು ನಿಮಿಷದ ಬ್ರೇಕಿನಲ್ಲಿ ಟಾಯ್ಲೆಟ್ಟಿಗೆ ಹೋದೆ. ಚಿಲಕ ಹಾಕಿ ಫೋನ್ ತೆಗೆದೆ. ಅವನು ‘ಹನ್ನೆರಡು’ ಎಂದಾಗಲೇ ನನಗೆ ಅನುಮಾನ ಬಂದಿತ್ತು. ಹುಡುಕಿದೆ. ಫ್ರಾನ್ಸ್. ಹನ್ನೆರಡು. ಮೊದಲ ಸಾಲಿನಲ್ಲೇ ಇತ್ತು, ಕೆಳಗೆ ಹೋಗಿ ನೋಡುವ ಕಷ್ಟವೂ ಇರಲಿಲ್ಲ. ಹದಿನೆಂಟು ವರ್ಷ ಹಳೆಯ ನೋಟ್‌ಬುಕ್ಕಿನಿಂದ ಎತ್ತಿದ ಪ್ರಶ್ನೆ, ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ‘ತಪ್ಪಾಯಿತು, ಕಪ್ ಇವರದು.’ ಆರು ಸೆಕೆಂಡಿನ ಮಾತು. ರೇಡಿಯೋದವರು ಮುಂದಿನ ಟೇಬಲ್ಲಿನಲ್ಲೇ ಕೂತಿದ್ದರು, ಚಿಪ್ಸ್ ತಿನ್ನುತ್ತ. ಅದು ಒಂದು ಕಾರಣ. ಪೂರ್ತಿ ಕಾರಣ ಅಲ್ಲ. ಎಂಟನೇ ಕ್ಲಾಸಿನವನ ಮುಂದೆ ನಾನು ತಪ್ಪು ಎನ್ನಲು ಬಾಯಿ ಬರಲಿಲ್ಲ. ಇಷ್ಟೇ.

ಮುಖ ತೊಳೆದೆ. ಬಂದೆ. ಮೈಕ್ ಹಿಡಿದು ಬ್ಯಾಂಕಿನವರ ಹೆಸರು ಕೂಗಿದೆ. ಆ ಹುಡುಗಿ ಅಪ್ಪನಿಗಿಂತ ಮೊದಲು ಎದ್ದು ಹೋದಳು. ಅವನು ಕುರ್ಚಿ ಒಳಗೆ ಸರಿಸಿ, ಗ್ಲಾಸನ್ನು ಕೌಂಟರಿನ ಮೇಲಿಟ್ಟು, ಅವಳ ಹಿಂದೆ ಹೋದ.

ಬುಧವಾರ, ಏಪ್ರಿಲ್ 24

ಹೇಳಿದೆ. ಮೊದಲ ಪ್ರಶ್ನೆಗೂ ಮುಂಚೆ, ಮೈಕಿನಲ್ಲಿ. ‘ಫೈನಲ್ಲಿನ ಕೊನೆಯ ಉತ್ತರ ತಪ್ಪಾಗಿತ್ತು. ಸರಿಯುತ್ತರ ಫ್ರಾನ್ಸ್. ಗೆದ್ದದ್ದು ಲಿಫ್ಟ್ ಮೆಕ್ಯಾನಿಕ್.’ ಟಾಯ್ಲೆಟ್ಟಿನ ವಿಷಯ ಹೇಳಲಿಲ್ಲ. ಅದು ಬೇರೆ, ಇದು ಬೇರೆ ಎಂದುಕೊಂಡೆ.

ಬ್ಯಾಂಕಿನವರು ತಕ್ಷಣ, ‘ಕಪ್ಪಲ್ಲಿ ಆಗಲೇ ಪೆನ್ ಇಟ್ಕೊಂಡಿದ್ದೀವಿ ಮೇಷ್ಟ್ರೇ, ವಾಪಸ್ ಕೊಡಕ್ಕಾಗಲ್ಲ.’ ನಗು. ‘ಹೋಗ್ಲಿ ಬಿಡಿ, ಮೊದಲನೇ ಪ್ರಶ್ನೆ ಕೇಳಿ’ ಎಂದ ಇನ್ಯಾರೋ.

ಯಜಮಾನರು ಕೌಂಟರಿನ ಹಿಂದಕ್ಕೆ ಕರೆದರು. ‘ಇದನ್ನೆಲ್ಲ ಮೈಕಲ್ಲಿ ಯಾಕೆ ಹೇಳೋಕೆ ಹೋದ್ರಿ? ಯಾರು ಕೇಳಿದ್ರು ನಿಮ್ಮನ್ನ?’

ಯಾರೂ ಕೇಳಿರಲಿಲ್ಲ. ಕೇಳಬೇಕಾದವನು ಅಲ್ಲಿರಲಿಲ್ಲ. ನಾಲ್ಕು ವಾರ ಹೊಟ್ಟೆಯೊಳಗೆ ಹೊತ್ತದ್ದು ಎರಡು ನಿಮಿಷದಲ್ಲಿ ಜೋಕ್ ಆಯಿತು. ಇಪ್ಪತ್ತು ಪ್ರಶ್ನೆ ಕೇಳಿ ಮನೆಗೆ ಬಂದೆ.

ಶುಕ್ರವಾರ, ಏಪ್ರಿಲ್ 26, ಮಧ್ಯಾಹ್ನ

ಲಿಫ್ಟ್ ಕಂಪನಿಯ ವರ್ಕ್‌ಶಾಪ್ ಹುಡುಕಿಕೊಂಡು ಹೋದೆ. ಗ್ರೀಸಿನ ವಾಸನೆ, ನೆಲದ ತುಂಬ ಉಕ್ಕಿನ ಹಗ್ಗದ ಸುರುಳಿಗಳು. ನನ್ನನ್ನು ಕಂಡು ಬಟ್ಟೆ ಚೂರಿಗೆ ಕೈ ಒರೆಸಿಕೊಂಡು ಸ್ಟೂಲ್ ಎಳೆದು ಕೊಟ್ಟ. ಕೂರಲಾಗಲಿಲ್ಲ.

‘ಫ್ರಾನ್ಸೇ ಸರಿ’ ಎಂದೆ.

‘ಗೊತ್ತು ಸರ್. ಮಗಳು ಅಲ್ಲೇ ಫೋನಲ್ಲಿ ನೋಡಿದ್ಲು.’

‘ಮತ್ತೆ ಯಾಕೆ ಸುಮ್ಮನಿದ್ದಿರಿ?’

‘ಅವಳು ಎದ್ದು ಕೂಗ್ತೀನಿ ಅಂದ್ಲು. ನಾನೇ ಬೇಡ ಅಂದೆ. ರೇಡಿಯೋದವರು ಬಂದಿದ್ರಲ್ಲ, ನಿಮ್ಮ ಕೆಲಸದ ವಿಷ್ಯ ಯಜಮಾನ್ರು ಎಲ್ರಿಗೂ ಹೇಳಿದ್ರು. ಅವರ ಮುಂದೆ ಯಾಕೆ ನಿಮ್ಮ ಮರ್ಯಾದೆ ತೆಗೆಯೋದು ಅಂತ.’

ಕಾಲ ಕೆಳಗಿನ ನೆಲ ಸರಿಯುವುದು ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ನೆಲ ಅಲ್ಲೇ ಇತ್ತು. ನಿಂತುಕೊಳ್ಳಬೇಕಾಗಿ ಬಂತು.

‘ಅವಳಿಗೆ ಕೋಪ ಬಂತು ಸರ್. “ಅವರಿಗೆ ಗೊತ್ತಿದ್ದೂ ಮಾಡಿದ್ದಾರೆ, ನೀನು ತಲೆ ತಗ್ಗಿಸ್ಕೊಂಡು ಕೂತೆ, ಅಮ್ಮನ ಹತ್ರಾನೂ ಹೀಗೇ ಇದ್ದೆ, ಯಾರು ಏನು ಮಾಡಿದ್ರೂ ಸರಿ ನಿಂಗೆ” ಅಂದ್ಲು. ಗೊತ್ತಿಲ್ದೆ ಆಗಿರತ್ತೆ, ಅವರು ಅಂಥೋರಲ್ಲ ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಅವತ್ತಿಂದ ಫೋನೂ ಎತ್ತಲ್ಲ.’

ಆಗ ಹೇಳಬೇಕಿತ್ತು. ಬಾಯಿ ತೆರೆದೆ. ಅವನೇ ಮುಂದುವರಿಸಿದ.

‘ಸರ್, ನಿಮ್ಮಿಂದ ಒಂದು ಉಪಕಾರ ಆಗಬೇಕು. ನೀವೇ ಒಂದ್ಸಲ ಹೋಗಿ ಅವಳಿಗೆ ಹೇಳಿ, ಗೊತ್ತಿಲ್ದೆ ಆಗಿದ್ದು ಅಂತ. ನಿಮ್ಮ ಬಾಯಿಂದ ಕೇಳಿದ್ರೆ ನಂಬ್ತಾಳೆ.’

ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಅಡ್ರೆಸ್ ಬರೆದುಕೊಟ್ಟ. ಕನ್ನಡಕದ ಅಂಗಡಿ, ಕಣ್ಣು ಪರೀಕ್ಷೆ ಮಾಡುವ ಕೆಲಸ. ಅಕ್ಷರ ದುಂಡಗಿದೆ.

ಶನಿವಾರ, ಏಪ್ರಿಲ್ 27

ಅಕ್ಕನಿಗೆ ಎಲ್ಲ ಹೇಳಿದೆ. ಟಾಯ್ಲೆಟ್ಟಿನದ್ದೂ.

ಮಡಿಸುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟಳು. ‘ನಿಜ ಹೇಳಿದ್ರೆ ಆ ಹುಡುಗಿ ಅಪ್ಪನ್ನ ಇನ್ನೂ ಪೆದ್ದ ಅಂದ್ಕೋತಾಳೆ. ಸುಳ್ಳು ಹೇಳಿದ್ರೆ ನೀನು ಬಚಾವ್. ನಿಂಗೆ ಬೇಕಾಗಿರೋದನ್ನೇ ಅವನು ನಿನ್ನ ಹತ್ರ ಕೇಳಿದ್ದಾನೆ ನೋಡು.’

‘ಏನು ಮಾಡ್ಲಿ?’

‘ನನ್ನ ಕೇಳ್ಬೇಡ. ಕೋಟು ಬ್ರಷ್ ಮಾಡಿಟ್ಟವಳು ನಾನು.’

ಸೋಮವಾರ, ಏಪ್ರಿಲ್ 29, ಸಂಜೆ 5

ಹೋಗಿ ಬಂದೆ.

ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಗುರುತು ಹಿಡಿದಳು. ಕುರ್ಚಿ ತೋರಿಸಲಿಲ್ಲ. ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಚಾರ್ಟ್. ಅದನ್ನೇ ನೋಡುತ್ತ ಹೇಳಿದೆ – ಉತ್ತರ ತಪ್ಪಾಗಿತ್ತು, ನಿಮ್ಮ ತಂದೆಯೇ ಗೆದ್ದದ್ದು, ಎಲ್ಲರ ಮುಂದೆ ಹೇಳಿದ್ದೇನೆ, ಕ್ಷಮಿಸಿ.

ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದೇ ಪ್ರಶ್ನೆ.

‘ಬ್ರೇಕಲ್ಲಿ ಒಳಗೆ ಹೋದ್ರಲ್ಲ. ಆಗ ಗೊತ್ತಾಯ್ತಾ, ಆಮೇಲೆ ಗೊತ್ತಾಯ್ತಾ?’

ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಹದಿನೆಂಟು ವರ್ಷದಲ್ಲಿ ಬರೆದಿಲ್ಲ.

‘ಆಮೇಲೆ’ ಎಂದೆ.

ನನ್ನ ಮುಖವನ್ನೇ ನೋಡಿದಳು. ಹುಡುಕುತ್ತಿದ್ದದ್ದು ಸಿಗಲಿಲ್ಲವೇನೋ, ಅಥವಾ ಸಿಗದಿರಲಿ ಎಂದು ಅವಳಿಗೂ ಇತ್ತೋ. ಭುಜ ಇಳಿಯಿತು. ‘ಹಾಗಾದ್ರೆ ಅಪ್ಪ ಹೇಳಿದ್ದೇ ಸರಿ. ನಾನೇ ಸುಮ್ನೆ ಅವರ ಮೇಲೆ ರೇಗಿದೆ’ ಎಂದಳು. ಕುರ್ಚಿ ತೋರಿಸಿದಳು. ನೀರು ಕೊಟ್ಟಳು. ನನ್ನೆದುರೇ ಫೋನ್ ಮಾಡಿದಳು. ‘ಅಪ್ಪಾ’ ಎಂದವಳು ಕಣ್ಣೊರೆಸಿಕೊಂಡಳು. ಇನ್ನು ನಿಜ ಹೇಳುವ ದಾರಿಯಿಲ್ಲ. ಹೇಳಿದರೆ ಈ ಫೋನನ್ನು ಅವಳ ಕೈಯಿಂದ ಕಿತ್ತುಕೊಂಡ ಹಾಗೆ.

ಆಮೇಲೆ ಫೋನ್ ನನ್ನ ಕಡೆ ಚಾಚಿದಳು. ‘ಮಾತಾಡ್ತಾರಂತೆ.’

ಕಿವಿಗಿಟ್ಟೆ. ಆ ಕಡೆ ವರ್ಕ್‌ಶಾಪಿನ ಸದ್ದು. ಅವನ ದನಿ ತೇಲುತ್ತಿತ್ತು.

‘ನಾನು ಹೇಳಿರ್ಲಿಲ್ವಾ ಸರ್ ಅವಳಿಗೆ? ನೀವು ಅಂಥೋರಲ್ಲ ಅಂತ.’

ಅವಳು ನನ್ನನ್ನೇ ನೋಡುತ್ತಿದ್ದಳು, ನಗುತ್ತ. ಅಪ್ಪನದೇ ನಗು. ನಾನೂ ನಕ್ಕೆ, ಫೋನಿನಲ್ಲಿ ಅವನಿಗೂ ಕೇಳಿಸುವಂತೆ.