ಎಂಆರ್‌ಐ ಕೋಣೆಯಲ್ಲಿ ಕುರಿಮರಿ

ಬೀದರ, ಮಂಗಳವಾರ, ಜನವರಿ ೨೦

ಸಂತಪುರದಲ್ಲಿ ಕುರಿ ಸಾಕುವ ಹಣಮಂತಪ್ಪನವರ ಮೊದಲ ಎಂಆರ್‌ಐ ಅವರು ಅಲ್ಲಾಡಿದ್ದರಿಂದ ಮಸುಕಾಗಿ ಬಂತು. ಬೆನ್ನುಮೂಳೆಯಲ್ಲಿ ಕೀವು, ಕಾಲಿನ ಬಲ ಕುಂದುತ್ತಿದೆ. ಕೀವು ನರವನ್ನು ಎಲ್ಲಿ ಒತ್ತಿದೆ ಎಂದು ಕಾಣದಿದ್ದರೆ ಡಾಕ್ಟರು ಎಲ್ಲಿ ಕೊಯ್ಯಬೇಕು? "ಅಲ್ಲಾಡಬ್ಯಾಡ್ರಿ" ಎನ್ನುವುದು ಚಿತ್ರ ತೆಗೆಯುವ ನನಗೆ ಸುಲಭ. ಆ ನೋವಿನಲ್ಲಿ ಅಂಗಾತ ಮಲಗಬೇಕಾದವರು ಅವರು.

ಕೊನೆಗೆ ಹೆಂಡತಿ ಮಲ್ಲೇಶ್ವರಿ ಗಂಡನ ಕಿವಿಯ ಹತ್ತಿರ ಬಗ್ಗಿದರು. "ಹೊಟ್ಟಿ ಮ್ಯಾಲ ಕುರಿಮರಿ ಮಲಗೇದ ಅಂತ ತಿಳ್ಕೋರಿ. ಹೊರಳಿದ್ರ ಅದಕ್ಕ ಎಚ್ಚರಾಗ್ತದ."

ಎರಡನೆಯ ಸಲ ಯಂತ್ರ ಅಷ್ಟು ಬಡಿದುಕೊಂಡರೂ ಅವರು ಕದಲಲಿಲ್ಲ. ಕೀವಿನ ಅಂಚು ಗೆರೆ ಎಳೆದಂತೆ ಮೂಡಿತು. ನಾಳೆಯೇ ಆಪರೇಷನ್.

ರಾತ್ರಿಯಾದರೂ ನನಗೆ ನಿದ್ದೆ ಬರುತ್ತಿಲ್ಲ; ಅವರ ಒಂದು ಮಾತೇ ನೆನಪಾಗುತ್ತಿದೆ. ಯಂತ್ರ ನಿಂತ ಮೇಲೆ "ಮುಗೀತ್ರಿ" ಎಂದೆ. ಅವರು ಕಣ್ಣು ತೆರೆಯದೆ ಮೆಲ್ಲಗೆ ಕೇಳಿದರು: "ಮರಿ ಎದ್ದದೇನ್ರಿ?"