ಗಾಜಿನ ಆಚೆ ಆಡಿದ ಮಾತು

ಮಾರ್ಚ್ 3, ಬೆಳಿಗ್ಗೆ 8. ಇಚಲಕರಂಜಿ

ನಳಿಗೆಯ ಊಟ ಆಯಿತು. ಇನ್ನೂರು ಎಂಎಲ್ ಜೋಳದ ಅಂಬಲಿ, ಸೋಸಿದ್ದು. ಮೂಗಿನಿಂದ ಹೋಗುವುದಕ್ಕೆ ರುಚಿ ಎಲ್ಲಿಂದ ಬರಬೇಕು? ಬಿಸಿ ಮಾತ್ರ ಗೊತ್ತಾಗುತ್ತದೆ. ಹೆಂಡತಿ ಚೆನ್ನವ್ವ ಸಿರಿಂಜು ಎತ್ತಿ ಹಿಡಿದು ನಿಲ್ಲುತ್ತಾಳೆ. ಇಳಿಯುವವರೆಗೂ ಸಿರಿಂಜನ್ನೇ ನೋಡುತ್ತಾಳೆ, ನನ್ನ ಮುಖ ನೋಡುವುದಿಲ್ಲ. ನೋಡುವಂಥ ಮುಖವೂ ಅಲ್ಲ ಈಗ.

ಆಪರೇಷನ್ ಆಗಿ ಮೂರು ವಾರ. ಎಡದವಡೆ, ಅದರ ಹಲ್ಲು, ನಾಲಿಗೆಯ ಒಂದು ಪಾಲು — ಹೋದವು. ಎದೆಯ ಚರ್ಮ ತಂದು ಕೆನ್ನೆಯ ಒಳಗೆ ಹೊಲಿದಿದ್ದಾರೆ. ಎದೆಗೂದಲು ಈಗ ಬಾಯೊಳಗೆ ಬೆಳೆಯುತ್ತಿದೆ. ಐವತ್ಮೂರನೆಯ ವಯಸ್ಸಿನಲ್ಲಿ ಬಾಯಿಗೂ ಕ್ಷೌರ! ಯಾರಿಗೆ ಹೇಳಿ ನಗಲಿ... ಹೇಳಲು ಹೋದರೆ ಬರೀ ಅವ್ ಅವ್. ಮಗಳು ವೃಷಾಲಿ ಗಡಹಿಂಗ್ಲಜದಿಂದ ಬರುವಾಗ ಮೊಮ್ಮಗಳ ಪಾಟಿ, ಬಳಪ ತಂದುಕೊಟ್ಟಿದ್ದಾಳೆ. ಪಾಟಿ ಮನೆಯವರಿಗೆ. ಈ ನೋಟ್‌ಬುಕ್ಕು ನನಗೆ.

ತಪ್ಪು ನನ್ನದೇ. ಮಗ್ಗದ ಶೆಡ್ಡಿನಲ್ಲಿ ಬೀಡಿ ಹಚ್ಚುವಂತಿಲ್ಲ, ಹತ್ತಿಯ ಧೂಳು ಹೊತ್ತಿಕೊಳ್ಳುತ್ತದೆ. ಅದಕ್ಕೇ ಎಲ್ಲರೂ ಮಾವಾ ತಿನ್ನುತ್ತಿದ್ದೆವು. ಅಡಿಕೆ, ತಂಬಾಕು, ಸುಣ್ಣ. ಮೂವತ್ತು ವರ್ಷ ಎಡದವಡೆಯಲ್ಲಿ ಇಟ್ಟುಕೊಂಡೆ.

ಮಾರ್ಚ್ 5. ಕೊಲ್ಹಾಪುರ

ಆಸ್ಪತ್ರೆ. ಉಳಿದ ಹಲ್ಲುಗಳಲ್ಲಿ ಮೂರು ಕಿತ್ತರು. ರೇಡಿಯೇಷನ್ನಿಗೆ ಮೊದಲೇ ಕೆಟ್ಟ ಹಲ್ಲು ತೆಗೆಯಬೇಕಂತೆ. ಆಮೇಲೆ ಕಿತ್ತರೆ ಗಾಯ ಮಾಯುವುದಿಲ್ಲವಂತೆ. ನಮ್ಮ ಓಣಿಯವರು ರೇಡಿಯೇಷನ್ ಅನ್ನುವುದಿಲ್ಲ, ಕರೆಂಟು ಅನ್ನುತ್ತಾರೆ.

ಆಮೇಲೆ ಕಿವಿಯ ಪರೀಕ್ಷೆ. ಸದ್ದು ಕೇಳಿದಾಗ ಕೈ ಎತ್ತಬೇಕು. ಬಹಳ ಹೊತ್ತು ಎತ್ತಲೇ ಇಲ್ಲ. ಪರೀಕ್ಷೆ ಮಾಡುವ ಹುಡುಗಿಯ ಮುಖ ಸಣ್ಣದಾಯಿತು. ಬಾಯಿಯ ರೋಗಕ್ಕೆ ಕಿವಿ ಯಾಕೆ ನೋಡುತ್ತೀರಿ ಎಂದು ಪಾಟಿಯಲ್ಲಿ ಬರೆದು ಕೇಳಿದೆ. ‘ಡಾಕ್ಟರ್ ಸಾಂಗ್ತೀಲ್, ಕಾಕಾ’ ಅಂದಳು. ಡಾಕ್ಟರೇ ಹೇಳುತ್ತಾರಂತೆ. ನಾಳೆ ಮತ್ತೆ ಬರಬೇಕು.

ಮಾರ್ಚ್ 6, ಮಧ್ಯಾಹ್ನ 3. ಬಸ್ಸಿನಲ್ಲಿ

ಅಕ್ಷರ ಸೊಟ್ಟ. ಬಸ್ಸಿನಿಂದ ಮಾತ್ರವಲ್ಲ.

ವೃಷಾಲಿ ಅಂದಳು: ‘ಅಪ್ಪಾ, ನೀವು ಹೊರಗ ಕುಂದರ್ರಿ. ಫೈಲ್ ತೋರ್ಸಿ ಬರ್ತೇವಿ.’ ತಾಯಿ ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲಿಗೆ ಗಾಜು. ಗಾಜಿನ ಆಚೆ ಡಾಕ್ಟರ್ ಮೇಡಂ, ನನಗೆ ಎದುರಾಗಿಯೇ.

ಅವರಿಬ್ಬರಿಗೆ ಗೊತ್ತಿಲ್ಲದ್ದು ಒಂದಿದೆ. ನಲವತ್ತೆಂಟು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಕಿವಿಯ ಹತ್ತಿರ ಬಂದು ಕೂಗಿದರೂ ಕೇಳಿಸದು. ಅಲ್ಲಿ ನಾವು ತುಟಿ ನೋಡಿ ಮಾತಾಡುವವರು. ತುಟಿ, ಕೈಬೆರಳು, ಹುಬ್ಬು. ಕನ್ನಡವಾದರೂ ಸರಿ, ಮರಾಠಿಯಾದರೂ ಸರಿ.

ಮೇಡಂ ಹೇಳಿದ್ದು ಮರಾಠಿಯಲ್ಲಿ. ನನ್ನ ಭಾಷೆಯಲ್ಲಿ ಬರೆದಿಡುತ್ತೇನೆ. ‘ಕತ್ತಿನ ಗಂಟಿನ ರೋಗ ಗಂಟು ಒಡೆದು ಹೊರಗೆ ಬಂದಿದೆ. ಬರೀ ರೇಡಿಯೇಷನ್ ಕೊಟ್ಟರೆ ತಿರುಗಿ ಬರುವ ಭಯ ಜಾಸ್ತಿ. ಜೊತೆಗೆ ವಾರಕ್ಕೊಂದು ಕೀಮೋ ಕೊಟ್ಟರೆ ಸ್ವಲ್ಪ ಬಲ. ಆದರೆ ಅವರ ಕಿವಿ ಮೊದಲೇ ಅರ್ಧ ಹೋಗಿದೆ, ಈ ಔಷಧ ಉಳಿದದ್ದನ್ನೂ ತೆಗೆದುಕೊಳ್ಳಬಹುದು. ಬೇರೆ ಔಷಧವನ್ನು ಅವರ ಲಿವರ್ ತಾಳುವುದಿಲ್ಲ. ಏನೇ ಮಾಡಿದರೂ ಆಪರೇಷನ್ನಿನಿಂದ ಆರು ವಾರದೊಳಗೆ ಶುರು ಮಾಡಬೇಕು.’

ವೃಷಾಲಿಯ ಬೆನ್ನು ನನ್ನ ಕಡೆಗಿತ್ತು. ಅವಳು ಏನೆಂದಳೋ ಗೊತ್ತಾಗಲಿಲ್ಲ. ಚೆನ್ನವ್ವ ಮಾತ್ರ ಕಣ್ಣಿಗೆ ಸೆರಗು ಒತ್ತಿಕೊಂಡು ಬಾಗಿಲ ಕಡೆ ಹೊರಳಿದಳು. ಅವಳ ತುಟಿ ಓದಿದೆ:

‘ಬ್ಯಾಡ್ರಿ ಮೇಡಂ. ಮಾತಂತೂ ಹೋತು. ಕಿವೀನೂ ಹೋದ್ರ ನಾ ಯಾರ ಕೂಡ ಬದುಕ್ಲಿ?’

ಹೊರಗೆ ಬಂದ ವೃಷಾಲಿ ನಗುತ್ತಾ ಹೇಳಿದಳು: ‘ಏನಿಲ್ಲಪ್ಪಾ, ಬರೇ ಕರೆಂಟ್ ಅಂತ. ಮೂವತ್ತ ದಿನ. ಗಾಯ ಲಗೂನ ಒಣಗತೈತಿ.’ ತಲೆ ಆಡಿಸಿದೆ. ಬಸ್ಸು ಈಗ ಹಾತಕಣಂಗಲೆ ದಾಟಿತು.

ಮಾರ್ಚ್ 7

ಸಿಟ್ಟು. ನನ್ನ ಬಾಯಿ, ನನ್ನ ಕಿವಿ, ನನ್ನ ಜೀವ — ತೀರ್ಮಾನ ಮಾತ್ರ ಇವರದು. ಅಂಬಲಿ ಬೇಡವೆಂದು ಚೆನ್ನವ್ವನ ಕೈ ತಳ್ಳಿದೆ. ಅರ್ಧ ಅವಳ ಸೀರೆಯ ಮೇಲೆ ಬಿತ್ತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ

ಸಿಟ್ಟು ಇಳಿದ ಮೇಲೆ ಇನ್ನೊಂದು ಕಂಡಿತು. ಬರೆಯಲು ನಾಚಿಕೆ. ಅವರು ಬೇಡವೆಂದದ್ದು ನನಗೂ ಒಳಗೊಳಗೇ ಸಮಾಧಾನ ತಂದಿದೆ. ಸಾಯಲು ಹೆದರುತ್ತೇನೆ. ಕಿವುಡನಾಗಲೂ ಹೆದರುತ್ತೇನೆ. ಯಾವುದು ಹೆಚ್ಚೋ ಗೊತ್ತಾಗುತ್ತಿಲ್ಲ. ಕುಕ್ಕರಿನ ಸೀಟಿ, ಓಣಿಯ ಮಗ್ಗಗಳು, ಚೆನ್ನವ್ವ ಪಕ್ಕದ ಮನೆಯವಳನ್ನು ಕರೆಯುವುದು... ಕೂತು ಕೇಳಿಸಿಕೊಂಡೆ. ಇರಲಿ, ಬರೀ ಕರೆಂಟೇ ಸಾಕು. ಸುಮ್ಮನಿದ್ದುಬಿಡೋಣ.

ಮಾರ್ಚ್ 11

ಕೃಷ್ಣಾತ ಬಂದಿದ್ದ. ಇಪ್ಪತ್ತೆರಡು ವರ್ಷ ಪಕ್ಕದ ಮಗ್ಗ ಓಡಿಸಿದವನು. ಹಣ್ಣು ತಂದಿದ್ದ, ದಡ್ಡ. ನನ್ನ ಮುಖ ನೋಡಿದ. ಕಣ್ಣು ತುಂಬಿಕೊಂಡ. ಆಮೇಲೆ, ದೇವರಾಣೆ, ದನಿ ತೆಗೆಯಲೇ ಇಲ್ಲ. ಶೆಡ್ಡಿನಲ್ಲಿ ಇದ್ದಂತೆಯೇ ಶುರು ಮಾಡಿದ.

ಎರಡು ಬೆರಳು ಜಗ್ಗಿ ಬೇರೆ ಮಾಡಿದರೆ ಎಳೆ ಹರಿಯಿತು, ಮಗ್ಗ ನಿಲ್ಲಿಸು ಎಂದು. ಕಾಲರ್ ಮುಟ್ಟಿದರೆ ಮಾಲೀಕ ಸೇಠ ಬಂದ. ನನ್ನ ತುಟಿ ಸೊಟ್ಟ, ಆದರೆ ಕೈ ನೆಟ್ಟಗಿವೆಯಲ್ಲ! ಸೇಠನ ಹೊಸ ಹಲ್ಲಿನ ಸೆಟ್ಟು ಮಗ್ಗದ ಮೇಲೆ ಬಿದ್ದ ಕಥೆ ಹೇಳಿದ. ಬಾಯೊಳಗಿನ ಕ್ಷೌರದ ಕಥೆ ನಾನು ಹೇಳಿದೆ. ಒಂದು ತಿಂಗಳಲ್ಲಿ ಮೊದಲ ಸಲ ಯಾರೂ ‘ಏನಂದ್ರಿ? ಬರೀರಿ’ ಎನ್ನಲಿಲ್ಲ. ಹೊಲಿಗೆ ನೋಯುವವರೆಗೆ ನಕ್ಕೆ.

ಸದ್ದಿಲ್ಲದ್ದನ್ನು ಕಂಡು ಚೆನ್ನವ್ವ ಅಡುಗೆಮನೆಯಿಂದ ಬಂದಳು. ‘ಹೋದ್ರೇನ್ರಿ ಅವ್ರು?’ ಅನ್ನುತ್ತಾ ಬಂದವಳು ನಮ್ಮಿಬ್ಬರನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಅಲ್ಲೇ ಹೊಳೆಯಿತು. ಮಾತಿಲ್ಲದೆ, ಕಿವಿಯಿಲ್ಲದೆ ದಿನಕ್ಕೆ ಹನ್ನೆರಡು ತಾಸು ಬದುಕಿದವನು ನಾನು. ಯಾವುದಕ್ಕೆ ಇಷ್ಟು ಹೆದರಿದೆ?

ಮಾರ್ಚ್ 12

ಚೆನ್ನವ್ವ ತಾನಾಗಿ ಕೇಳಿದಳು. ‘ನಿನ್ನಿ ಆವಾಜ ಇಲ್ದ ಹೆಂಗ ಮಾತಾಡಿದ್ರಿ?’

ತುಟಿ ನೋಡಿ, ಎಂದು ಬರೆದೆ. ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಮುಖ ಬಿಳುಪಾಯಿತು. ‘ಹಂಗಾದ್ರ ಅವತ್ತ ಕೊಲ್ಲಾಪುರದಾಗ... ಗಾಜಿನ್ಯಾಗ...’

ತಲೆ ಆಡಿಸಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಕೈಯಲ್ಲಿದ್ದ ಸಿರಿಂಜು ನೆಲಕ್ಕೆ ಒಗೆದಳು.

‘ಇಷ್ಟ ವರ್ಷ ಮತ್ತ ನಾ ಯಾಕ ಒದರಿದೆ? ಮನಿಗೆ ಬಂದ್ರ ಜೋರ ಮಾತಾಡು, ಜೋರ ಮಾತಾಡು. ಒದರಿ ಒದರಿ ನನ್ನ ಗಂಟ್ಲ ಹರದಹೋತು. ಓಣ್ಯಾನ ಮಂದಿ ನನಗ ಭೋಂಗಾ ಚೆನ್ನವ್ವ ಅಂತಾರ್ರಿ, ಮಿಲ್ಲಿನ ಶಿಫ್ಟಿಗೆ ಕೂಗತೈತಲ್ಲ, ಆ ಭೋಂಗಾ! ಆ ಕೃಷ್ಣಾತನ ಮಾರಿ ನೋಡಿದಂಗ ಒಂದ ಸಲ ನನ್ನ ಮಾರಿ ನೋಡಿದ್ರ ಆಗ್ತಿತ್ತಲ್ರಿ? ಒಂದs ಸಲ!’

ಬಳಪ ಕೈಯಲ್ಲಿತ್ತು. ಕೆಳಗಿಟ್ಟೆ. ನಿಜ. ಮನೆಗೆ ಬಂದರೆ ಗೋಡೆಗೆ ಆತು, ಕಣ್ಣು ಮುಚ್ಚಿ, ‘ಆಂ? ಏನು? ಜೋರಾಗಿ ಹೇಳು.’ ಮೂವತ್ತು ವರ್ಷ.

ಮಾರ್ಚ್ 19. ಕೊಲ್ಹಾಪುರ

ಒಂದು ವಾರ ಚೆನ್ನವ್ವನಿಂದ ಮಾತಿಲ್ಲ. ಅಂಬಲಿ ಮಾತ್ರ ಹೊತ್ತಿಗೆ ಸರಿಯಾಗಿ ಬಂತು. ನಾನೂ ಬರೆಯಲಿಲ್ಲ.

ಇವತ್ತು ಒಳಗೆ ನಾನೇ ಮೊದಲು ಹೋದೆ. ಪಾಟಿ ಮೇಜಿನ ಮೇಲಿಟ್ಟೆ. ‘ಎರಡೂ ಕೊಡಿ. ಕರೆಂಟೂ, ಕೀಮೋನೂ.’

‘ಅಪ್ಪಾ! ಯಾರ ಹೇಳಿದ್ರು ನಿಮಗ?’ ವೃಷಾಲಿ ಎದ್ದು ನಿಂತಳು. ಮೇಡಂ ಕಡೆಗೆ ಬೆರಳು ತೋರಿಸಿದೆ, ಆಮೇಲೆ ಗಾಜಿಗೆ. ಮೇಡಂ ಗಾಜು ನೋಡಿದರು, ನನ್ನ ಕೆಲಸ ಏನೆಂದು ಕೇಳಿದರು. ಮಗ್ಗ, ತುಟಿ ಓದುವುದು, ಎರಡನ್ನೂ ಬರೆದು ತೋರಿಸಿದೆ.

ಆಮೇಲೆ ನನಗೇ ಹೇಳಿದರು, ನಿಧಾನವಾಗಿ, ಮುಖ ನನ್ನ ಕಡೆ ಮಾಡಿ. ಹೋದ ಕಿವಿ ತಿರುಗಿ ಬರುವುದಿಲ್ಲ. ಕಿವಿ ಕೊಟ್ಟ ಮೇಲೂ ರೋಗ ತಿರುಗಿ ಬರಬಹುದು. ಗ್ಯಾರಂಟಿ ಯಾವುದಕ್ಕೂ ಇಲ್ಲ. ಆದರೂ ತಲೆ ಆಡಿಸಿದೆ.

ಮೇಡಂ ಚೆನ್ನವ್ವನನ್ನು ನೋಡಿದರು. ಚೆನ್ನವ್ವ ಅಂದಳು: ‘ನನ್ನ ಕೇಳಬ್ಯಾಡ್ರಿ. ಬಾಯಿ ಕೊಯ್ಯೂವಾಗ ನನ್ನ ಕಡಿಂದ ಸಹಿ ಮಾಡಿಸ್ಕೊಂಡ್ರಿ. ಈ ಸಲ ಅವ್ರs ಮಾಡ್ಲಿ.’

ಮಾಡಿದೆ. ಯಲಗೂರಪ್ಪ ಎಂದು, ಕನ್ನಡದಲ್ಲಿ.

ಮಾರ್ಚ್ 24, ಬೆಳಿಗ್ಗೆ 11. ಕೊಲ್ಹಾಪುರ

ಆರು ವಾರದ ಕೊನೆಯ ದಿನ. ಮೊದಲ ಕೀಮೋ, ಮಧ್ಯಾಹ್ನ ಮೊದಲ ಕರೆಂಟು. ಮೇಡಂ ಕೋಣೆಯ ಗಾಜಿಗೆ ಈಗ ಒಳಗಿನಿಂದ ಕಾಗದ ಅಂಟಿಸಿದ್ದಾರೆ. ನನ್ನ ಕೃಪೆ.

ಸಲೈನು ಹನಿಯುತ್ತಿದೆ. ಕಿವಿ ಇವತ್ತೇ ಹೋಗುವುದಿಲ್ಲವಂತೆ, ಹೋದರೂ ವಾರ ವಾರ ಸ್ವಲ್ಪ ಸ್ವಲ್ಪ. ಆದರೂ ಬೆಳಗಿನಿಂದ ಸದ್ದು ಆರಿಸುತ್ತಾ ಕೂತಿದ್ದೇನೆ. ಫ್ಯಾನು. ಟ್ರಾಲಿಯ ಗಾಲಿ. ಚೆನ್ನವ್ವನ ಬಳೆ. ಭಯ ಹೋಗಿಲ್ಲ. ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಚೆನ್ನವ್ವ ಸ್ಟೂಲು ಎಳೆದುಕೊಂಡು ಎದುರಿಗೆ ಬಂದು ಕುಳಿತಳು. ಎರಡು ಬೆರಳು ಜಗ್ಗಿ ಬೇರೆ ಮಾಡಿ ತೋರಿಸುತ್ತಿದ್ದಾಳೆ. ಇದನ್ನು ಯಾವಾಗ ಕಲಿತಳು... ಕೃಷ್ಣಾತನ ಕೆಲಸವೇ ಇದು. ಎಳೆ ಹರಿಯಿತು, ನಿಲ್ಲಿಸು. ಏನು ನಿಲ್ಲಿಸಲಿ? ಪೆನ್ನು ಇರಬೇಕು.

ಏನೋ ಹೇಳುತ್ತಿದ್ದಾಳೆ. ದನಿಯಿಲ್ಲ. ತುಟಿ ಮಾತ್ರ. ತಲೆ ತಗ್ಗಿಸಿ ಇದನ್ನು ಬರೆಯುವಷ್ಟರಲ್ಲಿ ಅರ್ಧ ತಪ್ಪಿಹೋಯಿತು. ಮತ್ತೆ ಮೊದಲಿನಿಂದ ಹೇಳುತ್ತಿದ್ದಾಳೆ. ಈ ಸಲ ಪೂರ್ತಿ ನೋಡ—