ಕತ್ತರಿ ಹಾಕದ ಬಿಳಿ ಬಟ್ಟೆ

ಮಂಗಳವಾರ, ತಾರೀಖು ಹದಿನಾಲ್ಕು

ನನ್ನ ಮುದ್ದಿನ ಜಗಳಗಂಟಿಗೆ,

ದೇವರ ದಯೆಯಿಂದ ನಾನೂ ನಿನ್ನ ಅಪ್ಪನೂ ಹೊತ್ತಿಗೆ ಸರಿಯಾಗಿ ಊಟ ಮಾಡಿಕೊಂಡು, ಹೊತ್ತಿಗೆ ಸರಿಯಾಗಿ ಜಗಳವಾಡಿಕೊಂಡು ಚೆನ್ನಾಗಿದ್ದೇವೆ. ನೀನು, ಅಳಿಯಂದಿರು, ಮಗು ಎಲ್ಲ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಬೈದುಕೋ, ಬೇಡ ಅನ್ನುವುದಿಲ್ಲ, ಆದರೆ ಪೂರ್ತಿ ಓದಿ ಆಮೇಲೆ ಬೈ. ಮಗುವಿನ ಅಳತೆ ಚೀಟಿ ಸಿಕ್ಕಿತು. ಹನ್ನೆರಡು ವರ್ಷಕ್ಕೇ ನನ್ನ ಭುಜ ಮುಟ್ಟಿದಳಲ್ಲೇ! ದೀಕ್ಷಾಸ್ನಾನದ ನಿಲುವಂಗಿಗೆ ಬಿಳಿ ಬಟ್ಟೆ ತಂದಿಟ್ಟಿದ್ದೇನೆ. ಇನ್ನೂ ಕತ್ತರಿ ಹಾಕಿಲ್ಲ. ಹೊಲಿಗೆ ಯಂತ್ರದ ಬೆಲ್ಟು ಹರಿದಿದೆ.

ಫೋನ್ ಮಾಡಬಾರದಿತ್ತೇ ಅನ್ನುತ್ತೀಯ. ಹೇಗೆ ಮಾಡಲಿ? ಫೋನ್ ಎತ್ತಿದರೆ ಸಾಕು, "ಯಾರು, ಮಗಳಾ? ಸ್ಪೀಕರ್ ಹಾಕು" ಎಂದು ನಿನ್ನ ಅಪ್ಪ ಪಕ್ಕದಲ್ಲಿ ಬಂದು ಕೂರುತ್ತಾರೆ. ಈಗ ಅವರು ಮಲಗಿದ್ದಾರೆ. ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬದ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಸದಸ್ಯರ ಸಭೆಯ ಕಥೆಯನ್ನು ಅಪ್ಪನ ಬಾಯಿಂದ ಕೇಳಿದ್ದೀಯ. ನನ್ನ ಬಾಯಿಂದಲೂ ಒಂದು ಸಲ ಕೇಳು. ಗೋಡೌನಿನಲ್ಲಿ ಮೂವತ್ತು ಜನ ಚಾಪೆ ಹಾಸಿಕೊಂಡು ಆರಾಧನೆಗೆ ಕೂರುತ್ತಿದ್ದ ಸಭೆ ನಮ್ಮದು. ಕಾಣಿಕೆ ಪೆಟ್ಟಿಗೆಯ ಬೀಗದಕೈ ನಮ್ಮ ಸಕ್ಕರೆ ಡಬ್ಬದಲ್ಲಿ ಇರುತ್ತಿತ್ತು, ನಿನಗೆ ನೆನಪಿರಬೇಕು. ಈಗ ನಾನೂರು ದಾಟಿದೆ. ಭಾನುವಾರ ಮೂರು ಆರಾಧನೆ. ಮೂರಕ್ಕೂ ಅಪ್ಪನೇ ಬೋಧಿಸಬೇಕು, ಮುಗಿದ ಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಹಿಡಿದು ಹೆಸರು ಹಿಡಿದು ಮಾತಾಡಿಸಬೇಕು. ನಾನು ಪಕ್ಕದಲ್ಲಿ ನಿಂತು ಅವರ ಕಿವಿಯಲ್ಲಿ ಹೆಸರು ಉಸುರುತ್ತೇನೆ. ನಾನೂರು ಹೆಸರು ಯಾರಿಗೆ ತಾನೇ ನೆನಪಿರುತ್ತದೆ, ಹೇಳು?

ಮೂರು ವಾರದ ಹಿಂದಿನ ಸದಸ್ಯರ ಸಭೆಯಲ್ಲಿ ಅಪ್ಪನ ಹಳೇ ಗೆಳೆಯ ಗಡಿಯಾರದ ಮಾಮ ಎದ್ದು ನಿಂತು ಕಾಗದ ಓದಿದರು. ಕಾರ್ಯದರ್ಶಿ ಅವರೇ ತಾನೇ. ಬೀದಿಗೊಂದರಂತೆ ಪ್ರಾರ್ಥನೆಯ ಮನೆಕೂಟ, ಅದಕ್ಕೊಬ್ಬ ಮುಖಂಡ. ಕಾರ್ಖಾನೆಯ ಕಡೆ ಕೆಲಸಗಾರರ ಮಕ್ಕಳಿಗೆ ಪಾಠಶಾಲೆ, ಕಾಣಿಕೆಯ ಒಂದು ಪಾಲು ಅದಕ್ಕೇ ಮೀಸಲು. ಬ್ಯಾಂಕಿನಲ್ಲಿ ಇಬ್ಬರ ಸಹಿ. ಇಷ್ಟಕ್ಕೂ ಅಪ್ಪ ತಲೆಯಾಡಿಸುತ್ತಲೇ ಇದ್ದರು. ಕೊನೆಯದನ್ನು ಓದುವಾಗ ಮಾಮ ಕಾಗದದಿಂದ ಕಣ್ಣೆತ್ತಲಿಲ್ಲ. ಸಭೆಯ ಹೊಣೆ, ಬೋಧನೆ, ದೀಕ್ಷಾಸ್ನಾನ ಎಲ್ಲವೂ ಈ ತಿಂಗಳ ಕೊನೆಯಿಂದ ಕಿರಿಯ ಪಾಸ್ಟರಿಗೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಆಮೇಲೆ ದೇವರ ಸೇವೆಗೆ ಬಂದನಲ್ಲ, ಆ ಹುಡುಗ. ಅಪ್ಪನಿಗೆ 'ಗೌರವ ಹಿರಿಯರು' ಎಂಬ ಹೆಸರು, ಮೊದಲ ಸಾಲಿನಲ್ಲಿ ಕುರ್ಚಿ.

ಅಪ್ಪ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದರು. "ಕಟ್ಟಿದ್ದು ನಾನು. ಈಗ ನಾನೇ ಬೇಡವಾದ್ನಾ?"

"ಬೇಡ ಅಂತ ಯಾರೂ ಹೇಳ್ತಿಲ್ಲ ಪಾಸ್ಟ್ರೇ. ಭಾರ ಇಳಿಸಿ ಅಂತ ಕೇಳ್ಕೊಳ್ತಿದೀವಿ."

"ಭಾರ ಆಗಿದೆ ಅಂತ ನಾನು ಯಾವತ್ತಾದ್ರೂ ನಿನ್ ಹತ್ರ ಬಂದು ಅತ್ನಾ? ಹೇಳೋ! ನಿನ್ನ ಹೆಂಡ್ತಿ ಮಣ್ಣಿಗೆ ಹೋದಾಗ ನಿನ್ನ ಪಕ್ಕ ನಿಂತಿದ್ದು ಯಾರು?"

ಮಾಮ ಕಾಗದವನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ಹೆಂಗಸರ ಸಾಲಿನಿಂದ ಯಾರೋ, "ಗುರೂನ ಹಿಡ್ಕೊಟ್ಟವನ ಹಾಗೆ ಮೂವತ್ತು ಬೆಳ್ಳಿ ನಾಣ್ಯ ಎಣಿಸ್ಕೊಂಡ್ಯಾ?" ಎಂದು ಕೂಗಿದರು. ಪರವಾಗಿ ಕೈ ಎತ್ತಿ ಅಂದರು, ವಿರೋಧವಾಗಿ ಕೈ ಎತ್ತಿ ಅಂದರು. ನನ್ನ ಕೈ ಎರಡು ಸಲವೂ ಮಡಿಲಲ್ಲೇ ಇತ್ತು. ಠರಾವು ಪಾಸಾಯಿತು.

ಆವತ್ತಿನಿಂದ ಅಪ್ಪ ಮಾಮನ ಅಂಗಡಿಯ ಬೀದಿಗೇ ಕಾಲಿಟ್ಟಿಲ್ಲ. ಮಾಮ ಕೊಟ್ಟ ಗೋಡೆ ಗಡಿಯಾರವನ್ನು ಇಳಿಸಿ ಮಂಚದ ಕೆಳಗೆ ತಳ್ಳಿದ್ದಾರೆ. ಊಟಕ್ಕೆ ಕೂತರೆ ಮಾಮನ ಮಾತು, ಪ್ರಾರ್ಥನೆಗೆ ಕೂತರೆ ಮಾಮನ ಮಾತು. ಈ ನಡುವೆ ನಮ್ಮ ಸಭೆಯ ಮಂಚದಂಗಡಿಯವರು ಹಳಬರ ಇಪ್ಪತ್ತಮೂರು ಮನೆಗಳನ್ನು ಒಟ್ಟು ಮಾಡಿ, "ನೀವು ಹ್ಞೂಂ ಅನ್ನಿ ಪಾಸ್ಟ್ರೇ, ಹಳೇ ಗೋಡೌನನ್ನೇ ಬಾಡಿಗೆಗೆ ಹಿಡೀತೀವಿ, ಅವರದ್ದು ಅವರಿಗೆ, ನಮ್ಮದು ನಮಗೆ" ಅಂದರು. ಅಪ್ಪನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂತು. ಮೊದಲ ಆರಾಧನೆ ಈ ಭಾನುವಾರ. ಅವತ್ತೇ ಒಂಬತ್ತು ಜನರಿಗೆ ದೀಕ್ಷಾಸ್ನಾನ. ನಿನ್ನ ಮಗಳು ಹತ್ತನೆಯವಳು. "ನೋಡಿದ್ಯಾ? ಊರೆಲ್ಲ ಕೈ ಬಿಟ್ರೂ ನನ್ನ ಮಗಳು ಬಿಡಲಿಲ್ಲ" ಎಂದು ನಿನ್ನ ಪತ್ರವನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಾರೆ.

ನೀನು ಮಾಮನಿಗೆ ಫೋನ್ ಮಾಡಿದ್ದು ನನಗೆ ಗೊತ್ತು. "ನಮ್ಮಪ್ಪನ ಬೆನ್ನಿಗೆ ಚೂರಿ ಹಾಕಿದ ಕೈಯಲ್ಲಿ ಗಡಿಯಾರ ಹೇಗೆ ರಿಪೇರಿ ಮಾಡ್ತೀರಾ?" ಅಂದೆಯಂತೆ. ಮಾಮನೇ ಹೇಳಿದರು. "ನಿಮ್ಮ ಮಗಳಿಗೆ ಮೊದಲಿಂದ್ಲೂ ಬಾಯಿ ಜೋರು, ಪಾಸ್ಟರಮ್ಮ" ಎಂದು ನಗಲು ನೋಡಿದರು. ನಗು ಬರಲಿಲ್ಲ. ನಿನಗೆ ಸೈಕಲ್ ಕಲಿಸಿ ಮೊಣಕಾಲು ತರಚಿಕೊಂಡವರು ಅವರು. ಇನ್ನೊಮ್ಮೆ ಹಾಗೆಲ್ಲ ಅನ್ನಬೇಡಮ್ಮ.

ನಗುವ ಸುದ್ದಿ ಒಂದಿದೆ, ಅಪ್ಪ ನಿನಗೂ ಹೇಳಿರಬೇಕು. ಎರಡು ತಿಂಗಳ ಹಿಂದೆ ನಮ್ಮಲ್ಲಿ ಇಪ್ಪತ್ತೇಳು ಜನರಿಗೆ ದೀಕ್ಷಾಸ್ನಾನವಾಯಿತಲ್ಲ, ಅವತ್ತು ಅಪ್ಪ ತೊಟ್ಟಿಯಲ್ಲಿ ನಿಂತು ಒಬ್ಬೊಬ್ಬರನ್ನೇ ಮುಳುಗಿಸಿ ಎತ್ತುತ್ತಿದ್ದಾಗ, ಮೆಟ್ಟಿಲ ಮೇಲೆ ಟವೆಲ್ ಹಿಡಿದು ನಿಂತಿದ್ದ ನಾನು ಬಟ್ಟೆ ಸಮೇತ ಜಾರಿ ನೀರಿಗೆ ಬಿದ್ದೆ. ಹಾಡುತ್ತಿದ್ದವರೆಲ್ಲ ಕಣ್ಣು ಬಿಟ್ಟು ನೋಡಿದರೆ ಪಾಸ್ಟರಮ್ಮ ನೀರಿನಲ್ಲಿ! ನೆನೆದದ್ದಂತೂ ಆಯಿತು ಎಂದು ಕೊನೆಯ ನಾಲ್ಕು ಜನ ಮುಗಿಯುವವರೆಗೂ ಅಪ್ಪನ ಪಕ್ಕ ನೀರಿನಲ್ಲೇ ನಿಂತುಬಿಟ್ಟೆ. "ನನ್ನ ಹೆಂಡ್ತಿಗೆ ಎರಡನೇ ಸಲ ಸ್ನಾನ ಆಯ್ತು, ಮೊದಲನೇದು ಹಿಡೀಲಿಲ್ಲ" ಎಂದು ಅಪ್ಪ ಕಂಡಕಂಡವರಿಗೆಲ್ಲ ಹೇಳಿ ನಗುತ್ತಾರೆ. ನಾನೂ ಜೊತೆಗೆ ನಗುತ್ತೇನೆ.

ಅಳಿಯಂದಿರಿಗೆ ನನ್ನ ವಂದನೆ ಹೇಳು. ಮಗುವಿನ ಕೆನ್ನೆಗೆ ಒಂದು ಮುತ್ತು. ನಿನ್ನ ಮನೆಯ ಬಾಗಿಲು ಕಾಯುವ ದೇವರು ನಿನ್ನ ಬಾಯಿಯನ್ನೂ ಸ್ವಲ್ಪ ಕಾಯಲಿ. ಚೆನ್ನಾಗಿರು.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಲು ಹೋದವಳು ಮುಖ ತೊಳೆದುಕೊಂಡು ಬಂದು ಮತ್ತೆ ಕೂತಿದ್ದೇನೆ. ನಾನು ಅವತ್ತು ಜಾರಿ ಬೀಳಲಿಲ್ಲ, ಮಗಳೇ.

ಬೇಕರಿಯ ಅಕ್ಕ ಅವತ್ತಿನ ಸಾಲಿನಲ್ಲಿ ಇಪ್ಪತ್ತಮೂರನೆಯವಳು. ಅಪ್ಪ ಹೇಳಬೇಕಾದ ಮಾತೆಲ್ಲ ಸರಿಯಾಗಿಯೇ ಹೇಳಿ ಆಕೆಯನ್ನು ಮುಳುಗಿಸಿದರು. ಆಮೇಲೆ ಎತ್ತಲಿಲ್ಲ. ಒತ್ತಿ ಹಿಡಿದುಕೊಂಡೇ, ನೆನೆಹಾಕಿದ ಬಟ್ಟೆ ನೋಡುವ ಹಾಗೆ ನೀರನ್ನು ನೋಡುತ್ತ ನಿಂತರು. ಮುಂದೇನು ಮಾಡಬೇಕೆಂದು ಅವರಿಗೆ ಹೊಳೆಯುತ್ತಿರಲಿಲ್ಲ. ಜನ ಕಣ್ಣು ಮುಚ್ಚಿ ಹಾಡುತ್ತಿದ್ದರು. ಆಕೆಯ ಕಾಲು ತೊಟ್ಟಿಯ ಗೋಡೆಗೆ ಬಡಿಯುವುದು ನನಗೊಬ್ಬಳಿಗೇ ಕೇಳಿಸಿತು. ನೀರಿಗೆ ಹಾರಿ ಅಪ್ಪನ ಕೈ ಬಿಡಿಸಿ ಎತ್ತಿದೆ. ಕೊನೆಯ ನಾಲ್ಕು ಜನಕ್ಕೂ ನೀರಿನಲ್ಲೇ ನಿಂತದ್ದು ಪ್ರತಿ ಸಲ ಅಪ್ಪನ ಮೊಣಕೈ ತಟ್ಟುವುದಕ್ಕೆ. ಆಕೆ ಪಾಪ, ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು, "ಪವಿತ್ರಾತ್ಮನೇ ಹಿಡ್ಕೊಂಡಿದ್ದ ಅಂದ್ಕೊಂಡೆ ಪಾಸ್ಟರಮ್ಮ" ಅಂದಳು.

ರಕ್ತದೊತ್ತಡ ತೋರಿಸೋಣ ಎಂದು ಸುಳ್ಳು ಹೇಳಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಕಾಗದ ಕೊಟ್ಟು ಗಡಿಯಾರದ ಚಿತ್ರ ಬರೆಯಿರಿ ಅಂದರು. ಅಪ್ಪ ಹನ್ನೆರಡು ಅಂಕಿಯನ್ನೂ ಒಂದೇ ಪಕ್ಕಕ್ಕೆ ತುರುಕಿ, "ಇದು ನನ್ನ ಗೆಳೆಯನ ಕೆಲಸ, ನನಗ್ಯಾಕೆ ಕೊಡ್ತೀರಾ?" ಎಂದು ನಕ್ಕರು. ಡಾಕ್ಟರು ನಗಲಿಲ್ಲ. ನನ್ನೊಬ್ಬಳನ್ನೇ ಒಳಗೆ ಕರೆದು, ಇದು ಕಡಿಮೆಯಾಗುವ ಮರೆವಲ್ಲ, ಹೆಚ್ಚಾಗುತ್ತಲೇ ಹೋಗುತ್ತದೆ ಅಂದರು.

ಆ ಕಾಗದ ತೆಗೆದುಕೊಂಡು ನೆಟ್ಟಗೆ ಮಾಮನ ಅಂಗಡಿಗೆ ಹೋದೆ. ಹೌದು, ನಾನೇ ಹೋದೆ. ಅಪ್ಪನನ್ನು ಇಳಿಸಿ ಎಂದು ಕೇಳಿದವಳು ನಾನು. "ಕಾಯಿಲೆಯ ಹೆಸರಲ್ಲಿ ಬೇಡ ಅಣ್ಣ, ಸಭೆ ಬೆಳೆದಿದೆ ಅನ್ನೋ ಹೆಸರಲ್ಲಿ ಇಳಿಸಿ. ಅವರು ಪಾಸ್ಟರಾಗಿಯೇ ಇಳೀಲಿ, ರೋಗಿಯಾಗಿ ಬೇಡ" ಅಂದೆ. ಮಾಮ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಆ ವಕ್ರ ಗಡಿಯಾರವನ್ನು ತುಂಬ ಹೊತ್ತು ನೋಡಿದರು. "ಬೈಗುಳ ನನ್ನ ಮೇಲೆ ಬೀಳ್ಲಿ ಬಿಡಿ" ಅಂದರು. ಅಷ್ಟೇ. ಅವರಿಗೆ ಬಿದ್ದ ಒಂದೊಂದು ಬೈಗುಳವೂ ನನ್ನದು, ನೀನು ಫೋನಿನಲ್ಲಿ ಬೈದದ್ದೂ ಸೇರಿ.

ನಾನು ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು. ಗೋಡೌನಿನ ಹಳೇ ತೊಟ್ಟಿಯಲ್ಲಿ ಇಬ್ಬರಿಗಷ್ಟೇ ಜಾಗ. ಪಕ್ಕದಲ್ಲಿ ನಿಂತು ಮೊಣಕೈ ತಟ್ಟಲು ನನಗೆ ಆಗುವುದಿಲ್ಲ. ನಾಳೆ ಬೆಳಗ್ಗೆಯೇ ಇದನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ; ಶುಕ್ರವಾರವೇ ಹೊರಟು ಬಾ, ಮಗುವನ್ನು ಅಳಿಯಂದಿರ ಹತ್ತಿರ ಬಿಟ್ಟು ಬಾ. ಬರುವ ಮೊದಲು ಮಾಮನಿಗೆ ಫೋನ್ ಮಾಡಿ ತಪ್ಪಾಯಿತು ಅನ್ನು. ಶನಿವಾರ ಬೆಳಗ್ಗೆ ಮಾಮನನ್ನೂ ಕರೆಸಿ, ನಿಮ್ಮಿಬ್ಬರ ಎದುರು ನಾನೇ ಅಪ್ಪನಿಗೆ ಹೇಳುತ್ತೇನೆ. ನಲವತ್ತು ವರ್ಷ ನಂಬಿದ ಹೆಂಡತಿ ಹೀಗೆ ಮಾಡಿದಳೆಂದು ತಿಳಿದ ಮೇಲೆ ನನ್ನ ಮುಖ ನೋಡುತ್ತಾರೋ ಇಲ್ಲವೋ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ಭಯ ಒಂದಿದೆ. ಭಾನುವಾರ ಬೆಳಗ್ಗೆ ಎದ್ದು, ನಾನು ಹೇಳಿದ್ದೆಲ್ಲ ಮರೆತು, "ಟವೆಲ್ ಎಲ್ಲಿಟ್ಟಿದ್ದೀಯೇ, ಹೊತ್ತಾಯ್ತು" ಎಂದು ಕೇಳಿಬಿಟ್ಟರೆ?

ಹೊಲಿಗೆ ಯಂತ್ರದ ಬೆಲ್ಟು ಹರಿದಿಲ್ಲ.